ಬೋರ್ಡಿನ ಮೇಲೆ ಹತ್ತು ಹೆಸರು, ಒಳಗೆ ಯಾವ ಪಾಠ? ಕಂಪ್ಯೂಟರ್ ಸೈನ್ಸ್ ಪದವಿಯ ಒಳಲೆಕ್ಕ

ಸಿಇಟಿ ರ‍್ಯಾಂಕ್ ಬಂದು ಆಪ್ಷನ್ ಎಂಟ್ರಿ ಶುರುವಾಯಿತೆಂದರೆ ಮನೆಮನೆಯಲ್ಲೂ ಒಂದೇ ಗೊಂದಲ. ಕಂಪ್ಯೂಟರ್ ಸೈನ್ಸ್ ಬೇಕು ಅಂತ ಹುಡುಕಿದರೆ ಒಂದೇ ಕಾಲೇಜಿನಲ್ಲಿ ಐದಾರು ಹೆಸರು ಕಾಣುತ್ತವೆ. ಬರೀ ಕಂಪ್ಯೂಟರ್ ಸೈನ್ಸ್ ಒಂದು. ಕಂಪ್ಯೂಟರ್ ಸೈನ್ಸ್ ಜೊತೆಗೆ ಎಐ ಮತ್ತು ಮಷೀನ್ ಲರ್ನಿಂಗ್ ಇನ್ನೊಂದು. ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಐಒಟಿ, ಬಿಸಿನೆಸ್ ಸಿಸ್ಟಮ್ಸ್ ಬೇರೆ. ಹಳೆಯ ಇನ್ಫರ್ಮೇಷನ್ ಸೈನ್ಸ್ ಅಂತೂ ಇದ್ದೇ ಇದೆ. ಯಾವುದನ್ನು ಮೊದಲು ಹಾಕಬೇಕು, ಯಾವುದನ್ನು ಆಮೇಲೆ?

ಸುದ್ದಿಗಳೂ ಎರಡು ದಿಕ್ಕಿಗೆ ಎಳೆಯುತ್ತವೆ. ಕಂಪ್ಯೂಟರ್ ಸೈನ್ಸ್ ಸೀಟು ಮತ್ತಷ್ಟು ಜಾಸ್ತಿಯಾಯಿತು ಎಂದು ಒಂದು ಪುಟದಲ್ಲಿ ಓದುತ್ತೇವೆ. ಇನ್ನು ಕೋಡ್ ಬರೆಯೋದು ಎಐ ಕೆಲಸ, ಹೊಸಬರಿಗೆ ಕೆಲಸ ಕಷ್ಟ ಎಂದು ಪಕ್ಕದ ಪುಟ ಹೇಳುತ್ತದೆ. ಎರಡನ್ನೂ ಓದಿದ ತಂದೆತಾಯಿ ಏನು ಮಾಡಬೇಕು?

ಈ ಗೊಂದಲ ಬಿಡಿಸಬೇಕಾದರೆ ಹೆಸರುಗಳ ಪಟ್ಟಿಯನ್ನು ಸ್ವಲ್ಪ ಪಕ್ಕಕ್ಕಿಡಬೇಕು. ಪದವಿಯೊಂದನ್ನು ಯೋಜಿಸುವವರು ಏನು ಲೆಕ್ಕ ಹಾಕುತ್ತಾರೆ, ಎಲ್ಲಿ ಕಷ್ಟಪಡುತ್ತಾರೆ ಅನ್ನೋದನ್ನು ನೋಡಬೇಕು.

## ಇಷ್ಟೊಂದು ಹೆಸರು ಬಂದದ್ದು ಹೇಗೆ

ದೇಶದ ತಾಂತ್ರಿಕ ಶಿಕ್ಷಣದ ನಿಯಮ ಮಾಡುವುದು ಎಐಸಿಟಿಇ. 2020ರ ಸುಮಾರಿಗೆ ಅದು ಎರಡು ಕೆಲಸ ಮಾಡಿತು. ಬಿ.ವಿ.ಆರ್. ಮೋಹನ್ ರೆಡ್ಡಿ ಸಮಿತಿಯ ಸಲಹೆಯಂತೆ ಹೊಸ ಎಂಜಿನಿಯರಿಂಗ್ ಕಾಲೇಜುಗಳಿಗೆ ಅನುಮತಿ ಕೊಡುವುದನ್ನು ಕೆಲ ವರ್ಷ ನಿಲ್ಲಿಸಿತು. ಜೊತೆಗೆ, ಇರುವ ಕಾಲೇಜುಗಳು ಎಐ, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿಯಂಥ ಹೊಸ ಕ್ಷೇತ್ರಗಳ ಕಡೆ ಹೊರಳಲಿ ಎಂದು ಪ್ರೋತ್ಸಾಹ ಕೊಟ್ಟಿತು. ಹೈದರಾಬಾದ್ ಐಐಟಿ ಅಷ್ಟರಲ್ಲಾಗಲೇ, 2019ರಲ್ಲಿ, ಎಐಗೆಂದೇ ಬಿ.ಟೆಕ್ ಶುರು ಮಾಡಿತ್ತು.

ಆಗ ಒಂದು ಬ್ರಾಂಚಿಗೆ ಇಷ್ಟೇ ಸೀಟು ಎಂಬ ಮಿತಿಯಿತ್ತು, 240ಕ್ಕಿಂತ ಹೆಚ್ಚಿಲ್ಲ ಎಂದು. ಮಿತಿ ಬ್ರಾಂಚಿನ ಮೇಲಿದ್ದರೆ ಏನಾಗುತ್ತದೆ? ಹೊಸ ಹೆಸರಿನ ಬ್ರಾಂಚ್ ತೆರೆದರೆ ಅದಕ್ಕೆ ಬೇರೆಯಾಗಿ ಸೀಟು ಸಿಗುತ್ತದೆ. ಕಂಪ್ಯೂಟರ್ ಸೈನ್ಸ್‌ಗೆ ಬೇಡಿಕೆ ಉಕ್ಕುತ್ತಿರುವಾಗ ಕಾಲೇಜುಗಳು ಈ ದಾರಿ ಹಿಡಿದದ್ದರಲ್ಲಿ ಆಶ್ಚರ್ಯವೇನಿಲ್ಲ.

2024-25ರಿಂದ ಜಾರಿಗೆ ಬಂದ ಹೊಸ ಕೈಪಿಡಿಯಲ್ಲಿ ಎಐಸಿಟಿಇ ಆ ಮಿತಿಯನ್ನೂ ತೆಗೆಯಿತು. ಚೆನ್ನಾಗಿ ನಡೆಯುತ್ತಿರುವ ಕಾಲೇಜುಗಳು, ಕಟ್ಟಡ, ಲ್ಯಾಬ್ ಮತ್ತು ಅಧ್ಯಾಪಕರನ್ನು ತೋರಿಸಿದರೆ ಸೀಟು ಹೆಚ್ಚಿಸಿಕೊಳ್ಳಬಹುದು. ಒಳ್ಳೆಯ ಕಾಲೇಜಿನಲ್ಲಿ ಇನ್ನಷ್ಟು ಮಕ್ಕಳು ಓದಲಿ ಎನ್ನುವುದು ಇದರ ಹಿಂದಿನ ತರ್ಕ.

ಇದರ ಇನ್ನೊಂದು ಮುಖ ಹಣಕಾಸಿನದು. ಮೆಕ್ಯಾನಿಕಲ್ ವಿಭಾಗ ನಡೆಸಲು ಲೇತ್ ಬೇಕು, ಎಂಜಿನ್ ಬೇಕು, ದೊಡ್ಡ ಶೆಡ್ ಬೇಕು. ಕಂಪ್ಯೂಟರ್ ಸೈನ್ಸ್‌ಗೆ ಕಂಪ್ಯೂಟರ್ ತುಂಬಿದ ಕೋಣೆ, ನೆಟ್ ಸಂಪರ್ಕ, ಯುಪಿಎಸ್ ಇದ್ದರೆ ಹೆಚ್ಚುಕಡಿಮೆ ಸಾಕು. ಖರ್ಚು ಕಡಿಮೆ, ಬೇಡಿಕೆ ಜಾಸ್ತಿ. ಹೀಗಿರುವಾಗ ಸಿವಿಲ್, ಮೆಕ್ಯಾನಿಕಲ್ ಸೀಟುಗಳನ್ನು ಬಿಟ್ಟುಕೊಟ್ಟು ಕಂಪ್ಯೂಟರ್ ಸೀಟು ಕೇಳುವ ಆಸೆ ಎಲ್ಲ ಆಡಳಿತ ಮಂಡಳಿಗಳಿಗೂ ಇರುತ್ತದೆ. ಬೆಂಗಳೂರಿನ ದೊಡ್ಡ ಕಾಲೇಜು ನೂರಾರು ಸೀಟು ಕೂಡಿಸಿಕೊಂಡರೆ, ಅಲ್ಲಿಗೆ ಬರುವ ಮಕ್ಕಳು ಆಕಾಶದಿಂದ ಇಳಿಯುವುದಿಲ್ಲ. ಜಿಲ್ಲೆ, ತಾಲ್ಲೂಕುಗಳ ಕಾಲೇಜುಗಳಿಗೆ ಸೇರಬೇಕಿದ್ದ ಮಕ್ಕಳೇ ಅತ್ತ ಹೋಗುತ್ತಾರೆ. ಇಲ್ಲಿ ತರಗತಿ ಖಾಲಿ, ಅಲ್ಲಿ ತರಗತಿ ಕಿಕ್ಕಿರಿದು ತುಂಬಿರುತ್ತದೆ.

## 160 ಕ್ರೆಡಿಟ್ ಎಂಬ ಚೀಲ

ಪದವಿಯನ್ನು ಯೋಜಿಸುವವರ ಕೈಯಲ್ಲಿರುವುದು ಒಂದು ಚೀಲ. ಅದರಲ್ಲಿ 160 ಕ್ರೆಡಿಟ್ ಹಿಡಿಯುತ್ತದೆ, ಅಷ್ಟೇ.

ವಾರಕ್ಕೆ ಒಂದು ಗಂಟೆಯ ಪಾಠವನ್ನು ಒಂದು ಸೆಮಿಸ್ಟರ್ ಪೂರ್ತಿ ಮಾಡಿದರೆ ಒಂದು ಕ್ರೆಡಿಟ್. ಲ್ಯಾಬ್ ಆದರೆ ವಾರಕ್ಕೆ ಎರಡು ಗಂಟೆ ಕೂತರೆ ಒಂದು ಕ್ರೆಡಿಟ್. ಮೊದಲು ನಾಲ್ಕು ವರ್ಷಕ್ಕೆ ಇನ್ನೂರರ ಆಸುಪಾಸು ಕ್ರೆಡಿಟ್ ಇರುತ್ತಿತ್ತು. ಮಕ್ಕಳ ಮೇಲೆ ಹೊರೆ ಜಾಸ್ತಿಯಾಯಿತು, ಸ್ವಂತವಾಗಿ ಕಲಿಯಲು ಸಮಯವೇ ಇಲ್ಲ ಎಂಬ ಕಾರಣಕ್ಕೆ ಎಐಸಿಟಿಇ 2018ರ ಮಾದರಿ ಪಠ್ಯಕ್ರಮದಲ್ಲಿ ಅದನ್ನು 160ಕ್ಕೆ ಇಳಿಸಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ, ಅಂದರೆ ವಿಟಿಯು, 2018ರ ಸ್ಕೀಮ್‌ನಲ್ಲಿ (ಆ ವರ್ಷದಿಂದ ಸೇರಿದವರ ಪಠ್ಯಕ್ರಮದಲ್ಲಿ) 175 ಇಟ್ಟುಕೊಂಡು, 2021ರ ಸ್ಕೀಮ್ ಹೊತ್ತಿಗೆ 160ಕ್ಕೆ ಬಂತು.

ಇಳಿಸಿದ್ದು ಸರಿಯಾದ ಕೆಲಸ ಎಂದೇ ನನ್ನ ಅಭಿಪ್ರಾಯ. ಬೆಳಿಗ್ಗೆಯಿಂದ ಸಂಜೆವರೆಗೆ ಬೆಂಚಿನ ಮೇಲೆ ಕೂತ ಹುಡುಗ ಯಾವಾಗ ಪ್ರೋಗ್ರಾಂ ಬರೆದು ತಪ್ಪು ಮಾಡಿ ಕಲಿಯಬೇಕು? ಆದರೆ ಚೀಲ ಚಿಕ್ಕದಾದ ಮೇಲೆ ತುಂಬುವಾಗ ಜಾಗ್ರತೆ ಬೇಕು.

ಎಐಸಿಟಿಇಯ ಆ ಮಾದರಿಯಲ್ಲಿ ಬ್ರಾಂಚಿನ ಮುಖ್ಯ ವಿಷಯಗಳಿಗೆ ಸಿಗುವುದು ಸುಮಾರು 48 ಕ್ರೆಡಿಟ್. ಉಳಿದದ್ದು ಗಣಿತ, ಭೌತಶಾಸ್ತ್ರ, ರಸಾಯನಶಾಸ್ತ್ರ, ಎಂಜಿನಿಯರಿಂಗ್‌ನ ಸಾಮಾನ್ಯ ವಿಷಯ, ಭಾಷೆ ಮತ್ತು ಮಾನವಿಕ, ಆಯ್ಕೆಯ ವಿಷಯ, ಪ್ರಾಜೆಕ್ಟ್ ಮತ್ತು ಇಂಟರ್ನ್‌ಶಿಪ್‌ಗೆ ಹೋಗುತ್ತದೆ. ಒಂದು ವಿಷಯಕ್ಕೆ ನಾಲ್ಕು ಕ್ರೆಡಿಟ್ ಎಂದುಕೊಳ್ಳಿ. 48ರಲ್ಲಿ 12 ವಿಷಯ ಹಿಡಿಯುತ್ತದೆ.

ಈಗ ಎಣಿಸಿ ನೋಡಿ. ಡೇಟಾ ಸ್ಟ್ರಕ್ಚರ್ಸ್, ಅಲ್ಗಾರಿದಮ್, ಡಿಸ್ಕ್ರೀಟ್ ಗಣಿತ, ಡಿಜಿಟಲ್ ಲಾಜಿಕ್, ಕಂಪ್ಯೂಟರ್ ಆರ್ಗನೈಸೇಷನ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ನೆಟ್‌ವರ್ಕ್, ಥಿಯರಿ ಆಫ್ ಕಂಪ್ಯುಟೇಷನ್, ಕಂಪೈಲರ್, ಸಾಫ್ಟ್‌ವೇರ್ ಎಂಜಿನಿಯರಿಂಗ್. ಆಗಲೇ 11 ಆಯಿತು. ಇನ್ನೂ ಮಷೀನ್ ಲರ್ನಿಂಗ್ ಬಂದಿಲ್ಲ. ಕ್ಲೌಡ್, ಕ್ರಿಪ್ಟೋಗ್ರಫಿ, ಪ್ಯಾರಲಲ್ ಕಂಪ್ಯೂಟಿಂಗ್ ಯಾವುದೂ ಬಂದಿಲ್ಲ.

ಹಾಗಾಗಿ ಹೊಸ ವಿಷಯವೊಂದು ಒಳಗೆ ಬಂತೆಂದರೆ ಹಳೆಯದೊಂದು ಹೊರಗೆ ಹೋಗಬೇಕು, ಇಲ್ಲವೇ ಕುಗ್ಗಬೇಕು. ವಿಟಿಯು 2022ರ ಸ್ಕೀಮ್‌ನಲ್ಲಿ ಇದು ಕಣ್ಣಿಗೆ ಕಾಣುತ್ತದೆ. ಡಿಜಿಟಲ್ ವಿನ್ಯಾಸ ಮತ್ತು ಕಂಪ್ಯೂಟರ್ ಆರ್ಗನೈಸೇಷನ್ ಎಂಬ ಎರಡು ವಿಷಯ ಒಂದೇ ಪಾಠವಾಗಿವೆ. ಡಿಸ್ಕ್ರೀಟ್ ಗಣಿತ ನಾಲ್ಕನೇ ಸೆಮಿಸ್ಟರ್‌ನಲ್ಲಿ ಆಯ್ಕೆಯ ವಿಷಯಗಳ ಸಾಲಿಗೆ ಸೇರಿದೆ. ಅಲ್ಲಿ ಅದರ ಜೊತೆ ಗ್ರಾಫ್ ಥಿಯರಿ, ಲೀನಿಯರ್ ಆಲ್ಜೀಬ್ರಾ ಇವೆ, ಒಂದನ್ನು ಆರಿಸಿಕೊಳ್ಳಬೇಕು. ಕಂಪ್ಯೂಟರ್ ಸೈನ್ಸ್ ಓದುವವರಿಗೆ ಈ ಮೂರೂ ಬೇಕಾದ ವಿಷಯಗಳೇ. ಪಠ್ಯಕ್ರಮ ಮಾಡಿದವರಿಗೂ ಅದು ಗೊತ್ತಿರುತ್ತದೆ. ಚೀಲದಲ್ಲಿ ಜಾಗ ಇಲ್ಲ.

## ಒಂದರ ಹೆಗಲ ಮೇಲೆ ಇನ್ನೊಂದು

ಕ್ರೆಡಿಟ್ ಎಷ್ಟು ಅನ್ನೋದು ಅರ್ಧ ಲೆಕ್ಕ. ಯಾವುದರ ನಂತರ ಯಾವುದು ಅನ್ನೋದು ಉಳಿದರ್ಧ. ಈ ಕ್ರಮದ ಬಗ್ಗೆ ಸುದ್ದಿಗಳಲ್ಲಿ ಚರ್ಚೆಯೇ ಆಗುವುದಿಲ್ಲ. ಮಕ್ಕಳು ಸೋಲುವುದು ಮಾತ್ರ ಹೆಚ್ಚಾಗಿ ಇಲ್ಲೇ.

ಇತಿಹಾಸದಲ್ಲಾದರೆ ವಿಜಯನಗರದ ಪಾಠ ತಪ್ಪಿಸಿಕೊಂಡವನು ಮೈಸೂರು ಸಂಸ್ಥಾನದ ಪಾಠವನ್ನು ಹೇಗೋ ಓದಿಕೊಳ್ಳಬಹುದು. ಕಂಪ್ಯೂಟರ್ ಸೈನ್ಸ್‌ನಲ್ಲಿ ಹಾಗಾಗುವುದಿಲ್ಲ. ಡೇಟಾಬೇಸ್‌ನಲ್ಲಿ ಕೋಟಿ ದಾಖಲೆಗಳ ನಡುವೆ ಒಂದನ್ನು ಕ್ಷಣದಲ್ಲಿ ಹುಡುಕಿಕೊಡುವುದು ಬಿ-ಟ್ರೀ ಎಂಬ ರಚನೆ. ಅದು ಅರ್ಥವಾಗಬೇಕಾದರೆ ಸಾಮಾನ್ಯ ಟ್ರೀ, ಅಂದರೆ ಮಾಹಿತಿಯನ್ನು ಮರದ ಕವಲುಗಳಂತೆ ಜೋಡಿಸುವ ರೀತಿ, ಗೊತ್ತಿರಬೇಕು. ಟ್ರೀ ಗೊತ್ತಾಗಬೇಕಾದರೆ ರಿಕರ್ಷನ್, ಅಂದರೆ ಒಂದು ಕೆಲಸವನ್ನು ಅದೇ ಕೆಲಸದ ಚಿಕ್ಕ ರೂಪಕ್ಕೆ ಇಳಿಸಿ ಮಾಡುವ ವಿಧಾನ, ಕೈಗೆ ಹತ್ತಿರಬೇಕು. ರಿಕರ್ಷನ್ ಹತ್ತಬೇಕಾದರೆ ಮೊದಲ ವರ್ಷದ ಪ್ರೋಗ್ರಾಮಿಂಗ್ ಗಟ್ಟಿಯಿರಬೇಕು. ಮೂರನೇ ವರ್ಷದಲ್ಲಿ ಡೇಟಾಬೇಸ್ ತಲೆಗೆ ಹೋಗುತ್ತಿಲ್ಲ ಎನ್ನುವ ವಿದ್ಯಾರ್ಥಿಯ ಕಷ್ಟ ಶುರುವಾಗಿರುವುದು ಮೊದಲ ವರ್ಷದಲ್ಲೇ ಇರಬಹುದು.

ಆ ಮೊದಲ ವರ್ಷ ನಮ್ಮಲ್ಲಿ ಹೇಗಿದೆ? ಫಿಸಿಕ್ಸ್ ಸೈಕಲ್, ಕೆಮಿಸ್ಟ್ರಿ ಸೈಕಲ್ ಎಂದು ಮಕ್ಕಳನ್ನು ಅರ್ಧರ್ಧ ಹಂಚುತ್ತಾರೆ. ಅದರಿಂದ ಕೆಲವರಿಗೆ ಸಿ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಾಠ ಮೊದಲ ಸೆಮಿಸ್ಟರ್‌ನಲ್ಲೇ ಸಿಗುತ್ತದೆ, ಕೆಲವರಿಗೆ ಎರಡನೆಯದರಲ್ಲಿ. ಪಿಯುಸಿಯಲ್ಲಿ ಪಿಸಿಎಂಸಿ ಓದಿದವರು ಪ್ರೋಗ್ರಾಂ ಅಂದರೇನು ಎಂದು ಕಂಡಿರುತ್ತಾರೆ. ಪಿಸಿಎಂಬಿ ಓದಿ ಬಂದವರಿಗೆ ಎಲ್ಲವೂ ಹೊಸದು. ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಮಕ್ಕಳಿಗೆ ಪ್ರೋಗ್ರಾಂ ಜೊತೆಗೆ ಇಂಗ್ಲಿಷಿನ ಪಾಠವೂ ಇನ್ನೊಂದು ಬೆಟ್ಟ. ಡಿಪ್ಲೊಮಾ ಮುಗಿಸಿ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಸೇರುವವರಿಗೆ ಕೈಕೆಲಸ ಗೊತ್ತು, ಗಣಿತ ಹಿಂದೆ ಬಿದ್ದಿರುತ್ತದೆ. ಇವರೆಲ್ಲರೂ ಮೂರನೇ ಸೆಮಿಸ್ಟರ್‌ನ ಡೇಟಾ ಸ್ಟ್ರಕ್ಚರ್ಸ್ ತರಗತಿಯಲ್ಲಿ ಒಟ್ಟಿಗೆ ಕೂತಾಗ ಮೇಷ್ಟ್ರು ಯಾರಿಗೆ ಪಾಠ ಮಾಡಬೇಕು ಹೇಳಿ.

ಮಷೀನ್ ಲರ್ನಿಂಗ್‌ನಲ್ಲಿ ಈ ಸರಪಳಿ ಇನ್ನೂ ಬಿಗಿ. ಯಂತ್ರ ಕಲಿಯುವುದು ಅಂದರೆ, ತನ್ನ ತಪ್ಪು ಎಷ್ಟಿದೆ ಎಂದು ಅಳೆದು, ಯಾವ ಕಡೆ ಸರಿದರೆ ತಪ್ಪು ಕಡಿಮೆಯಾಗುತ್ತದೆ ಎಂದು ಲೆಕ್ಕ ಹಾಕಿ, ಸ್ವಲ್ಪ ಸ್ವಲ್ಪವೇ ಸರಿಯುತ್ತಾ ಹೋಗುವುದು. ಬೆಟ್ಟದ ಮೇಲೆ ಮಂಜು ಕವಿದಾಗ ಕಾಲಿನಿಂದ ಇಳಿಜಾರು ತಡವಿಕೊಂಡು ಇಳಿದ ಹಾಗೆ. ಆ ಇಳಿಜಾರು ಕಂಡುಹಿಡಿಯಲು ಕ್ಯಾಲ್ಕುಲಸ್ ಬೇಕು. ಸಾವಿರಾರು ಸಂಖ್ಯೆಗಳನ್ನು ಒಟ್ಟಿಗೆ ಹಿಡಿದಿಡಲು ಲೀನಿಯರ್ ಆಲ್ಜೀಬ್ರಾ ಬೇಕು. ಬಂದ ಉತ್ತರವನ್ನು ಎಷ್ಟು ನಂಬಬಹುದು ಎಂದು ಹೇಳಲು ಸಂಭವನೀಯತೆ ಬೇಕು. ಇವಿಲ್ಲದೆಯೂ ಪೈಥಾನ್ ಲೈಬ್ರರಿಯ ನಾಲ್ಕು ಸಾಲು ಬರೆದು ಫಲಿತಾಂಶ ತೋರಿಸಬಹುದು. ಫಲಿತಾಂಶ ತಪ್ಪಾದ ದಿನ ಯಾಕೆ ತಪ್ಪಾಯಿತು ಎಂದು ಹೇಳಲು ಆಗುವುದಿಲ್ಲ.

2024ರಿಂದ ಎಂ.ಟೆಕ್ ಸೇರಲು ಬರೆಯುವ ಗೇಟ್ ಪರೀಕ್ಷೆಯಲ್ಲಿ ಡೇಟಾ ಸೈನ್ಸ್ ಮತ್ತು ಎಐಗೆ ಪ್ರತ್ಯೇಕ ಪತ್ರಿಕೆ ಬಂದಿದೆ. ಅದರ ಪಠ್ಯಕ್ರಮದಲ್ಲಿ ಮೊದಲು ಬರುವುದೇ ಸಂಭವನೀಯತೆ ಮತ್ತು ಸಂಖ್ಯಾಶಾಸ್ತ್ರ, ಲೀನಿಯರ್ ಆಲ್ಜೀಬ್ರಾ, ಕ್ಯಾಲ್ಕುಲಸ್. ಎಐ ಬ್ರಾಂಚ್ ಅಂದರೆ ಗಣಿತ ಕಡಿಮೆ, ಟೂಲ್ಸ್ ಜಾಸ್ತಿ ಎಂದುಕೊಂಡು ಸೇರುವ ಮಕ್ಕಳು ಇದನ್ನು ಒಮ್ಮೆ ನೋಡಬೇಕು.

## ಕೆಲಸವೋ, ಬುನಾದಿಯೋ

ಪದವಿ ಹೇಗಿರಬೇಕು ಎಂಬ ಜಗಳ ಹಳೆಯದು. ಕೆಲಸಕ್ಕೆ ತಯಾರು ಮಾಡಿ ಎನ್ನುವವರ ವಾದ ಸುಳ್ಳಲ್ಲ. ಸಾಲ ಮಾಡಿ ಓದಿಸುವ ಮನೆಗಳಿವೆ. ನಾಲ್ಕು ವರ್ಷದ ಕೊನೆಗೆ ಸಂಬಳ ಬರಬೇಕು. ಕಂಪನಿಗಳು ಗಿಟ್ (ಕೋಡಿನಲ್ಲಿ ಮಾಡಿದ ಬದಲಾವಣೆಗಳ ದಾಖಲೆ ಇಡುವ ಟೂಲ್), ಕ್ಲೌಡ್, ವೆಬ್ ಫ್ರೇಮ್‌ವರ್ಕ್ ಕೇಳುತ್ತವೆ. ಕಾಲೇಜು ಅದನ್ನು ಹೇಳಿಕೊಡದಿದ್ದರೆ ಮಕ್ಕಳು ಹೊರಗೆ ದುಡ್ಡು ಕೊಟ್ಟು ಕೋಚಿಂಗ್ ಸೇರುತ್ತಾರೆ. ಆ ದುಡ್ಡಿಲ್ಲದವರು ಹಿಂದೆ ಉಳಿಯುತ್ತಾರೆ. ಹಾಗಾದರೆ ಕಾಲೇಜೇ ಕಲಿಸಬೇಕಲ್ಲವೇ?

ಬುನಾದಿ ಮುಖ್ಯ ಎನ್ನುವವರು ಕಾಲದ ಲೆಕ್ಕ ತೋರಿಸುತ್ತಾರೆ. ಅಮೆರಿಕದ ಎಸಿಎಂ ಎಂಬ ಕಂಪ್ಯೂಟರ್ ತಜ್ಞರ ಸಂಸ್ಥೆ ಕಂಪ್ಯೂಟರ್ ಸೈನ್ಸ್ ಪದವಿಗೆ ಮೊದಲ ಮಾದರಿ ಪಠ್ಯಕ್ರಮ ಕೊಟ್ಟದ್ದು 1968ರಲ್ಲಿ. ಆಮೇಲೆ ಅದು ಹಲವು ಸಲ ಪರಿಷ್ಕಾರವಾಗಿದೆ. 2023ರ ಆವೃತ್ತಿಯನ್ನು ಐಇಇಇ ಕಂಪ್ಯೂಟರ್ ಸೊಸೈಟಿ ಮತ್ತು ಎಐ ವಿದ್ವಾಂಸರ ಸಂಘಟನೆಯಾದ ಎಎಎಐ ಜೊತೆ ಸೇರಿ ಮಾಡಿದ್ದಾರೆ. ಈ ಐವತ್ತೈದು ವರ್ಷಗಳಲ್ಲಿ ಫೋರ್ಟ್ರಾನ್ ಹೋಯಿತು, ಪಾಸ್ಕಲ್ ಹೋಯಿತು, ಸಿ ಬಂತು, ಜಾವಾ ಬಂತು, ಪೈಥಾನ್ ಬಂತು. ಡೇಟಾ ಸ್ಟ್ರಕ್ಚರ್ಸ್ ಹೋಗಲಿಲ್ಲ. ಡಿಸ್ಕ್ರೀಟ್ ಗಣಿತ ಹೋಗಲಿಲ್ಲ. ಎಐ ಹೆಚ್ಚಾದಷ್ಟೂ ಗಣಿತದ ಪಾಲು ಜಾಸ್ತಿಯಾಗಬೇಕು ಎಂಬ ಕಡೆಗೇ 2023ರ ಆವೃತ್ತಿ ವಾಲಿದೆ.

ನನಗೆ ತೋಚುವುದು ಇಷ್ಟು. ಎರಡು ವಾರದಲ್ಲಿ ಸ್ವಂತವಾಗಿ ಕಲಿಯಬಹುದಾದ ಟೂಲ್‌ಗೆ ನಾಲ್ಕು ಕ್ರೆಡಿಟ್ ಕೊಡುವುದು ದುಬಾರಿ. ಅದೇ ಗಿಟ್ಟನ್ನು ಡೇಟಾ ಸ್ಟ್ರಕ್ಚರ್ಸ್ ಲ್ಯಾಬಿನಲ್ಲಿ ಬಳಸಿ ಕೆಲಸ ಒಪ್ಪಿಸಬೇಕು ಎಂದು ಹೇಳಿದರೆ ಸಾಕು. ಬುನಾದಿಯ ಪಾಠದೊಳಗೇ ಟೂಲ್ ಬರುತ್ತದೆ, ಬೇರೆ ಕ್ರೆಡಿಟ್ ಬೇಕಾಗುವುದಿಲ್ಲ. ಆದರೆ ಹೀಗೆ ಮಾಡಲು ಲ್ಯಾಬ್ ನೋಡಿಕೊಳ್ಳುವ ಮೇಷ್ಟ್ರಿಗೆ ಗಿಟ್ ಗೊತ್ತಿರಬೇಕು, ಪ್ರತಿಯೊಬ್ಬರ ಕೆಲಸ ತೆರೆದು ನೋಡಲು ಸಮಯವೂ ಇರಬೇಕು. ಆ ವಿಷಯಕ್ಕೆ ಆಮೇಲೆ ಬರೋಣ.

## ಕೋಡನ್ನು ಯಂತ್ರವೇ ಬರೆದರೆ

ಚಾಟ್‌ಜಿಪಿಟಿ ಬಂದದ್ದು 2022ರ ನವೆಂಬರ್‌ನಲ್ಲಿ. ಅಲ್ಲಿಂದಾಚೆಗೆ ಲ್ಯಾಬ್ ಪ್ರೋಗ್ರಾಂ ಎನ್ನುವುದರ ಅರ್ಥವೇ ಬದಲಾಗಿದೆ. ನಮ್ಮಲ್ಲಿ ಲ್ಯಾಬ್ ಪಠ್ಯದಲ್ಲಿ ಹತ್ತು ಹನ್ನೆರಡು ಪ್ರೋಗ್ರಾಂಗಳ ಪಟ್ಟಿ ಇರುತ್ತದೆ. ಅದನ್ನು ರೆಕಾರ್ಡ್ ಪುಸ್ತಕದಲ್ಲಿ ಬರೆದು, ಪರೀಕ್ಷೆಯಲ್ಲಿ ಅವುಗಳಲ್ಲಿ ಒಂದನ್ನು ಮಾಡಿ ತೋರಿಸಬೇಕು. ಬಾಯಿಪಾಠ ಮಾಡಿ ಪಾಸಾಗುವುದು ಎಐ ಬರುವ ಮೊದಲೂ ಇತ್ತು. ಈಗ ಅಷ್ಟು ಶ್ರಮವೂ ಬೇಡ.

ಹಾಗಾದರೆ ಪ್ರೋಗ್ರಾಮಿಂಗ್ ಕಲಿಸುವುದೇ ಬೇಡವೇ? ಒಂದು ನಿಜವಾದ ಉದಾಹರಣೆ ನೋಡಿ. ಬೈನರಿ ಸರ್ಚ್ ಎನ್ನುವುದು ಎಲ್ಲರೂ ಮೊದಲು ಕಲಿಯುವ ಅಲ್ಗಾರಿದಮ್‌ಗಳಲ್ಲಿ ಒಂದು. ಅಕ್ಷರ ಕ್ರಮದ ನಿಘಂಟಿನಲ್ಲಿ ಪದ ಹುಡುಕುವ ರೀತಿಯದು. ನಡುವಿನ ಪುಟ ತೆರೆದು, ಪದ ಈ ಕಡೆ ಇದೆಯೋ ಆ ಕಡೆ ಇದೆಯೋ ನೋಡಿ, ಉಳಿದ ಅರ್ಧ ಬಿಟ್ಟುಬಿಡುವುದು. ನಡುವಿನ ಜಾಗ ಕಂಡುಹಿಡಿಯಲು ಕೆಳತುದಿ, ಮೇಲ್ತುದಿ ಎರಡನ್ನೂ ಕೂಡಿಸಿ ಎರಡರಿಂದ ಭಾಗಿಸುತ್ತೇವೆ. ಪುಸ್ತಕದಲ್ಲಿ ಸರಿ, ಬೋರ್ಡಿನ ಮೇಲೂ ಸರಿ. ಆದರೆ ಜಾವಾ ಭಾಷೆಯ ಸ್ವಂತ ಲೈಬ್ರರಿಯಲ್ಲಿ ಇದೇ ಸಾಲಿನಲ್ಲಿ ಒಂದು ತಪ್ಪು ಸುಮಾರು ಒಂಬತ್ತು ವರ್ಷ ಅಡಗಿತ್ತು. 2006ರಲ್ಲಿ ಅದು ಬಹಿರಂಗವಾಯಿತು. 32 ಬಿಟ್‌ನ ಪೂರ್ಣಾಂಕದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 2,14,74,83,647. ಪಟ್ಟಿ ತುಂಬಾ ದೊಡ್ಡದಾಗಿ, ಎರಡು ತುದಿಗಳ ಮೊತ್ತ ಇದನ್ನು ಮೀರಿದರೆ ಉತ್ತರ ಋಣ ಸಂಖ್ಯೆಯಾಗಿಬಿಡುತ್ತದೆ. ಪ್ರೋಗ್ರಾಂ ಕುಸಿಯುತ್ತದೆ.

ಈ ತಪ್ಪು ಹಿಡಿಯಲು ಬೈನರಿ ಸರ್ಚ್ ಗೊತ್ತಿದ್ದರೆ ಸಾಲದು. ಯಂತ್ರ ಸಂಖ್ಯೆಯನ್ನು ಹೇಗೆ ಇಟ್ಟುಕೊಳ್ಳುತ್ತದೆ ಎಂದು ಗೊತ್ತಿರಬೇಕು. ಅದು ಕಂಪ್ಯೂಟರ್ ಆರ್ಗನೈಸೇಷನ್ ಪಾಠ. ಎಐ ಬರೆದ ಕೋಡ್ ನೋಡಲು ಅಚ್ಚುಕಟ್ಟಾಗಿರುತ್ತದೆ, ಹೆಚ್ಚಿನ ಸಲ ಓಡಿಯೂ ಓಡುತ್ತದೆ. ಅದರೊಳಗೆ ಇಂಥ ಸಾಲು ಇದೆಯೇ ಎಂದು ನೋಡುವ ಕಣ್ಣು ಬೇಕು. ಕೆಲಸದ ಮಾರುಕಟ್ಟೆಯಲ್ಲಿ ಸುಲಭದ ಕೋಡ್ ಬರೆಯುವವರ ಬೆಲೆ ಇಳಿದಷ್ಟೂ, ಬರೆದದ್ದು ಸರಿಯೇ ಎಂದು ಹೇಳಬಲ್ಲವರ ಬೆಲೆ ಏರುತ್ತದೆ.

ಇದರ ಪರಿಣಾಮ ಪರೀಕ್ಷೆಯ ಮೇಲೆ ಆಗಲೇಬೇಕು. ಮನೆಯಲ್ಲಿ ಮಾಡಿ ತಂದ ಕೆಲಸಕ್ಕೆ ಅಂಕ ಕೊಟ್ಟರೆ ಮಗು ಎಷ್ಟು ಕಲಿತಿದೆ ಎಂದು ತಿಳಿಯುವುದಿಲ್ಲ. ಕೋಡ್ ಕೊಟ್ಟು ತಪ್ಪು ಹುಡುಕಿಸಬೇಕು. ಎದುರು ಕೂರಿಸಿಕೊಂಡು ಈ ಸಾಲು ಯಾಕೆ ಬರೆದೆ, ಇದನ್ನು ತೆಗೆದರೆ ಏನಾಗುತ್ತದೆ ಎಂದು ಕೇಳಬೇಕು. ವೈವಾ ನಮ್ಮಲ್ಲಿ ಹೊಸದಲ್ಲ. ಆದರೆ ಇಡೀ ತರಗತಿಯ ವೈವಾವನ್ನು ಒಂದು ಬೆಳಿಗ್ಗೆಯಲ್ಲಿ ಮುಗಿಸಬೇಕಾದಾಗ ಒಬ್ಬರಿಗೆ ಎಷ್ಟು ನಿಮಿಷ ಸಿಗುತ್ತದೆ?

## ಮೇಷ್ಟ್ರ ಲೆಕ್ಕ

ಎಲ್ಲ ದಾರಿಗಳೂ ಬಂದು ನಿಲ್ಲುವುದು ಇಲ್ಲಿ.

ಎಐಸಿಟಿಇ ನಿಯಮದಲ್ಲಿ ಮೊದಲು 15 ವಿದ್ಯಾರ್ಥಿಗಳಿಗೆ ಒಬ್ಬರು ಅಧ್ಯಾಪಕರು ಇರಬೇಕಿತ್ತು. 2018ರಲ್ಲಿ ಅದನ್ನು 20ಕ್ಕೆ ಒಬ್ಬರು ಎಂದು ಸಡಿಲಿಸಿದರು. ಈ ಸಡಿಲ ಲೆಕ್ಕದಲ್ಲೇ ಹೋಗೋಣ. ವರ್ಷಕ್ಕೆ 60 ಸೀಟು ಇದ್ದರೆ ನಾಲ್ಕು ವರ್ಷಕ್ಕೆ 240 ಮಕ್ಕಳು, 12 ಅಧ್ಯಾಪಕರು. 240 ಸೀಟಿದ್ದರೆ 960 ಮಕ್ಕಳು, 48 ಅಧ್ಯಾಪಕರು. ಸೀಟನ್ನು 600ಕ್ಕೆ ಏರಿಸಿದರೆ 2,400 ಮಕ್ಕಳು, 120 ಅಧ್ಯಾಪಕರು ಬೇಕು. ಒಂದೇ ಕಾಲೇಜಿನ ಒಂದೇ ವಿಭಾಗಕ್ಕೆ.

ಅವರು ಎಲ್ಲಿಂದ ಬರಬೇಕು? ಕಂಪ್ಯೂಟರ್ ಸೈನ್ಸ್‌ನಲ್ಲಿ ಎಂ.ಟೆಕ್ ಮಾಡಿದವರಿಗೆ ಕಂಪನಿಯಲ್ಲಿ ಸಿಗುವ ಸಂಬಳ ಒಂದು, ಕಾಲೇಜಿನಲ್ಲಿ ಸಿಗುವುದು ಇನ್ನೊಂದು. ಬೆಂಗಳೂರಿನಂಥ ಊರಿನಲ್ಲಿ ಈ ಅಂತರ ಇನ್ನೂ ದೊಡ್ಡದು. ಹೀಗಾಗಿ ಕಂಪ್ಯೂಟರ್ ಸೈನ್ಸ್‌ಗೆ ಬೇಡಿಕೆ ಏರಿದಾಗ ಎರಡು ಕಡೆಯಿಂದ ಒತ್ತಡ ಬೀಳುತ್ತದೆ. ಸೇರುವ ಮಕ್ಕಳು ಜಾಸ್ತಿಯಾಗುತ್ತಾರೆ. ಅದೇ ಬೇಡಿಕೆಯಿಂದಾಗಿ ಕಲಿಸಬಲ್ಲವರು ಕಾಲೇಜು ಬಿಟ್ಟು ಕಂಪನಿಯ ಕಡೆ ಹೋಗುತ್ತಾರೆ. ಸಿವಿಲ್ ವಿಭಾಗದಲ್ಲಿ ಹೀಗಾಗುವುದು ಕಡಿಮೆ.

ಸಾಕಷ್ಟು ಅಧ್ಯಾಪಕರು ಸಿಗದಿದ್ದರೆ ಏನಾಗುತ್ತದೆ ಅನ್ನೋದನ್ನು ಹಂತಹಂತವಾಗಿ ನೋಡಬಹುದು. ಒಬ್ಬರ ಮೇಲೆ ಮೂರು ವಿಷಯ ಬೀಳುತ್ತದೆ. ಹೊಸ ವಿಷಯಕ್ಕೆ ತಯಾರಿ ಮಾಡಲು ಸಮಯವಿರುವುದಿಲ್ಲ. ಸಿದ್ಧ ಸ್ಲೈಡ್‌ಗಳನ್ನು ಓದಿ ಹೇಳುವುದೇ ಪಾಠವಾಗುತ್ತದೆ. ಲ್ಯಾಬಿನಲ್ಲಿ ಇಪ್ಪತ್ತು ಮಂದಿಯ ಬ್ಯಾಚ್ ಇರಬೇಕಾದ ಕಡೆ ಮೂವತ್ತು, ನಲವತ್ತು ಮಂದಿ ಕೂರುತ್ತಾರೆ. ಕೇಳುವ ವೈವಾ ಪ್ರಶ್ನೆಗಳು ಎಲ್ಲರಿಗೂ ಒಂದೇ ಆಗುತ್ತವೆ. ಪಠ್ಯಕ್ರಮ ಎಷ್ಟೇ ಚೆನ್ನಾಗಿ ಬರೆದಿದ್ದರೂ ತರಗತಿಗೆ ಬಂದಾಗ ಅದು ಬೇರೆಯದೇ ಆಗಿರುತ್ತದೆ.

ಇದಕ್ಕೆ ಸೇರಿಕೊಂಡ ಇನ್ನೊಂದು ಕಷ್ಟ ಪದೇಪದೇ ಬದಲಾಗುವ ಸ್ಕೀಮ್. ವಿಟಿಯುನಲ್ಲಿ 2015, 2017, 2018, 2021, 2022, ಹೀಗೆ ಒಂದರ ಹಿಂದೆ ಒಂದು ಸ್ಕೀಮ್ ಬಂತು. ಬದಲಾವಣೆ ಬೇಡ ಎಂದಲ್ಲ. ಕಂಪ್ಯೂಟರ್ ಸೈನ್ಸ್‌ನಲ್ಲಿ ಅದು ಬೇಕೇ ಬೇಕು. ಆದರೆ ಒಂದು ವಿಷಯವನ್ನು ಮೇಷ್ಟ್ರು ಎರಡು ಮೂರು ಸಲ ಕಲಿಸಿದಾಗ ಮಕ್ಕಳು ಎಲ್ಲಿ ಎಡವುತ್ತಾರೆ ಎಂದು ಗೊತ್ತಾಗುತ್ತದೆ. ಅಷ್ಟರಲ್ಲಿ ಸ್ಕೀಮ್ ಬದಲಾದರೆ ಆ ಅನುಭವ ವ್ಯರ್ಥ. ಬ್ಯಾಕ್‌ಲಾಗ್ ಉಳಿಸಿಕೊಂಡ ಮಕ್ಕಳಂತೂ ಹಳೆಯ ಸ್ಕೀಮ್‌ನ ಪರೀಕ್ಷೆಗೆ ತಾವೇ ಓದಿಕೊಳ್ಳಬೇಕು. ಮೊದಲೇ ಕಷ್ಟದಲ್ಲಿರುವವರಿಗೆ ಇದು ಎರಡನೇ ಪೆಟ್ಟು.

ಸ್ವಾಯತ್ತ ಕಾಲೇಜುಗಳಲ್ಲಿ ಪಠ್ಯಕ್ರಮ ಮಾಡುವುದು ಕಾಲೇಜಿನದೇ ಬೋರ್ಡ್ ಆಫ್ ಸ್ಟಡೀಸ್. ಅದರಲ್ಲಿ ವಿಶ್ವವಿದ್ಯಾಲಯದ ಪ್ರತಿನಿಧಿ, ಹೊರಗಿನ ತಜ್ಞರು, ಉದ್ಯಮದವರು, ಹಳೆಯ ವಿದ್ಯಾರ್ಥಿ ಇರುತ್ತಾರೆ. ಅಲ್ಲಿ ಇಡೀ ಸ್ಕೀಮ್ ಕದಡದೆ ಒಂದೊಂದೇ ವಿಷಯ ತಿದ್ದುವ ಅವಕಾಶ ಇದೆ. ಬಳಸಿಕೊಂಡರೆ ದೊಡ್ಡ ಅನುಕೂಲ.

## ಬಿಸಿಎ ಮಕ್ಕಳ ಕಥೆ

ಎಂಜಿನಿಯರಿಂಗ್ ಗದ್ದಲದಲ್ಲಿ ಬಿಸಿಎ ಓದುವವರನ್ನು ಮರೆಯುತ್ತೇವೆ. ಊರಿನ ಹತ್ತಿರದ ಪದವಿ ಕಾಲೇಜಿನಲ್ಲಿ, ಕಡಿಮೆ ಶುಲ್ಕದಲ್ಲಿ ಕಂಪ್ಯೂಟರ್ ಕಲಿಯಲು ಅನೇಕರಿಗೆ ಇರುವ ದಾರಿ ಅದೇ.

ಅವರು ನೋಡಿದಷ್ಟು ಬದಲಾವಣೆ ಬೇರೆ ಯಾರೂ ನೋಡಿಲ್ಲ. 2021ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿ ಜಾರಿಗೆ ತಂದು ನಾಲ್ಕು ವರ್ಷದ ಆನರ್ಸ್ ಪದವಿಗೆ ದಾರಿ ಮಾಡಿತು. 2023ರಲ್ಲಿ ಹೊಸ ಸರ್ಕಾರ ಸುಖದೇವ್ ಥೋರಟ್ ಅಧ್ಯಕ್ಷತೆಯಲ್ಲಿ ರಾಜ್ಯ ಶಿಕ್ಷಣ ನೀತಿ ಆಯೋಗ ಮಾಡಿತು. ಅದರ ಮಧ್ಯಂತರ ವರದಿಯ ಮೇಲೆ 2024-25ರಿಂದ ಪದವಿ ಮತ್ತೆ ಮೂರು ವರ್ಷಕ್ಕೆ ಬಂತು. ಅದೇ ವರ್ಷ ಬಿಸಿಎ ಕೋರ್ಸನ್ನು ಎಐಸಿಟಿಇ ತನ್ನ ವ್ಯಾಪ್ತಿಗೆ ತಂದು, ಮಾದರಿ ಪಠ್ಯಕ್ರಮವನ್ನೂ ಕೊಟ್ಟಿತು.

ಮೂರು ವರ್ಷವೇ ಸರಿ ಎನ್ನುವವರು ಬಡ ಮನೆಗಳ ಕಡೆ ಕೈ ತೋರಿಸುತ್ತಾರೆ. ಒಂದು ವರ್ಷ ಹೆಚ್ಚಾದರೆ ಒಂದು ವರ್ಷದ ಖರ್ಚು ಹೆಚ್ಚು, ಒಂದು ವರ್ಷದ ಸಂಬಳ ಕಡಿಮೆ. ನಾಲ್ಕು ವರ್ಷ ಬೇಕು ಎನ್ನುವವರು ವಿದೇಶದ ಓದಿನ ಮಾತು ಎತ್ತುತ್ತಾರೆ. ಹೊರದೇಶದ ಕೆಲವು ವಿಶ್ವವಿದ್ಯಾಲಯಗಳು ಸ್ನಾತಕೋತ್ತರಕ್ಕೆ ಒಟ್ಟು 16 ವರ್ಷದ ಓದು ಕೇಳುತ್ತವೆ. ಅದಕ್ಕೆ ಮೂರು ವರ್ಷದ ಪದವಿ ಸಾಲುವುದಿಲ್ಲ. ನನಗೆ ಮೊದಲನೆಯವರ ಮಾತು ಹೆಚ್ಚು ತೂಕದ್ದು ಎನಿಸುತ್ತದೆ. ವಿದೇಶಕ್ಕೆ ಹೋಗುವವರು ಕೆಲವರು, ಕೆಲಸ ಬೇಗ ಬೇಕಾದವರು ಬಹಳ ಮಂದಿ. ಎಂಸಿಎ ಕೂಡ 2020ರಿಂದ ಎರಡೇ ವರ್ಷ ಆಗಿರುವುದರಿಂದ ಮುಂದೆ ಓದುವವರಿಗೆ ಒಟ್ಟು ಐದು ವರ್ಷದ ದಾರಿ ಇದ್ದೇ ಇದೆ.

ಆದರೆ ಚೀಲದ ಲೆಕ್ಕ ಇಲ್ಲಿಯೂ ಬಿಡುವುದಿಲ್ಲ. ಯುಜಿಸಿ ಚೌಕಟ್ಟಿನಲ್ಲಿ ಮೂರು ವರ್ಷದ ಪದವಿಗೆ ಕನಿಷ್ಠ 120 ಕ್ರೆಡಿಟ್. ಭಾಷೆಗಳು ಮತ್ತು ಕಡ್ಡಾಯ ವಿಷಯಗಳನ್ನು ಕಳೆದರೆ ಉಳಿಯುವುದು ಇನ್ನೂ ಕಡಿಮೆ. ಪಿಯುಸಿಯಲ್ಲಿ ಕಾಮರ್ಸ್ ಓದಿದವರೂ ಬಿಸಿಎ ಸೇರುತ್ತಾರೆ. ಅವರಿಗೆ ಗಣಿತದ ಹಿನ್ನೆಲೆ ಕಡಿಮೆ. ಅಂಥ ಕಡೆ ಎಐ, ಬ್ಲಾಕ್‌ಚೈನ್ ಎಂದು ಪಟ್ಟಿ ಬೆಳೆಸುವ ಬದಲು ಮೊದಲ ವರ್ಷ ಗಣಿತ ಮತ್ತು ಒಂದೇ ಒಂದು ಪ್ರೋಗ್ರಾಮಿಂಗ್ ಭಾಷೆಯನ್ನು ನಿಧಾನವಾಗಿ ಕಲಿಸಿದರೆ, ಮುಂದಿನ ಎರಡು ವರ್ಷ ಮಕ್ಕಳೇ ಓಡುತ್ತಾರೆ.

## ಸ್ಕೀಮ್ ಪುಸ್ತಕ ತೆರೆದು ನೋಡಿದರೆ

ಇಷ್ಟು ತಿಳಿದ ಮೇಲೆ ಆಪ್ಷನ್ ಎಂಟ್ರಿಯ ಗೊಂದಲ ಸ್ವಲ್ಪ ಹಗುರವಾಗುತ್ತದೆ. ವಿಶ್ವವಿದ್ಯಾಲಯ ಅಥವಾ ಸ್ವಾಯತ್ತ ಕಾಲೇಜಿನ ವೆಬ್‌ಸೈಟಿನಲ್ಲಿ ಪ್ರತಿ ಬ್ರಾಂಚಿನ ಸ್ಕೀಮ್ ಸಿಗುತ್ತದೆ. ಕಂಪ್ಯೂಟರ್ ಸೈನ್ಸ್ ಸ್ಕೀಮ್ ಒಂದು ಕಡೆ, ಎಐ ಅಥವಾ ಡೇಟಾ ಸೈನ್ಸ್ ಸ್ಕೀಮ್ ಇನ್ನೊಂದು ಕಡೆ ಇಟ್ಟುಕೊಂಡು ಸಾಲುಸಾಲಾಗಿ ಹೋಲಿಸಿ. ವಿಟಿಯು 2022ರ ಸ್ಕೀಮ್‌ನಲ್ಲಿ ಮೊದಲ ಎರಡು ವರ್ಷದ ಮುಖ್ಯ ವಿಷಯಗಳು ಹೆಚ್ಚುಕಡಿಮೆ ಒಂದೇ. ಅಂತರ ಕಾಣಲು ಶುರುವಾಗುವುದು ಮೂರನೇ ವರ್ಷದಿಂದ. ಹೊಸ ಹೆಸರಿನ ಬ್ರಾಂಚಿನಲ್ಲಿ ಆಪರೇಟಿಂಗ್ ಸಿಸ್ಟಮ್, ನೆಟ್‌ವರ್ಕ್, ಅಲ್ಗಾರಿದಮ್ ಎಲ್ಲ ಉಳಿದುಕೊಂಡಿದ್ದರೆ, ಸಂಭವನೀಯತೆ ಮತ್ತು ಲೀನಿಯರ್ ಆಲ್ಜೀಬ್ರಾ ಮಷೀನ್ ಲರ್ನಿಂಗ್‌ಗಿಂತ ಮೊದಲು ಬಂದಿದ್ದರೆ, ಆ ಹೆಸರಿಗೆ ಹೆದರಬೇಕಿಲ್ಲ. ಗಣಿತ ಕಾಣೆಯಾಗಿ ಟೂಲ್‌ಗಳ ಹೆಸರೇ ತುಂಬಿದ್ದರೆ ಯೋಚಿಸಬೇಕು.

ಇನ್ನೊಂದು ದಾರಿಯೂ ಇದೆ. ಸಾದಾ ಕಂಪ್ಯೂಟರ್ ಸೈನ್ಸ್ ಸೇರಿ, 18ರಿಂದ 20 ಹೆಚ್ಚುವರಿ ಕ್ರೆಡಿಟ್ ಓದಿ ಎಐ ಅಥವಾ ಸೈಬರ್ ಸೆಕ್ಯುರಿಟಿಯಲ್ಲಿ ಆನರ್ಸ್ ಪಡೆಯಲು ಅವಕಾಶವಿದೆ. ಮೆಕ್ಯಾನಿಕಲ್ ಅಥವಾ ಸಿವಿಲ್ ಸೇರಿದವರೂ ಹೀಗೆಯೇ ಕಂಪ್ಯೂಟರ್ ಕ್ಷೇತ್ರದಲ್ಲಿ ಮೈನರ್, ಅಂದರೆ ಉಪವಿಷಯ, ಮಾಡಬಹುದು. ಹದಿನೇಳು ಹದಿನೆಂಟು ವಯಸ್ಸಿಗೆ, ಒಂದು ಪ್ರೋಗ್ರಾಂ ಕೂಡ ಬರೆಯದೆ, ಸೈಬರ್ ಸೆಕ್ಯುರಿಟಿಯೋ ಡೇಟಾ ಸೈನ್ಸೋ ಎಂದು ತೀರ್ಮಾನ ಮಾಡಿಸುವುದಕ್ಕಿಂತ, ಎರಡು ವರ್ಷ ಓದಿ ರುಚಿ ಗೊತ್ತಾದ ಮೇಲೆ ಆರಿಸಿಕೊಳ್ಳುವುದು ಎಷ್ಟೋ ಮೇಲು.

ಕಾಲೇಜು ನೋಡಲು ಹೋದಾಗ ಪ್ಲೇಸ್‌ಮೆಂಟ್ ಫಲಕದ ಮುಂದೆ ನಿಂತು ಫೋಟೊ ನೋಡುವುದು ಸಹಜ. ಅಲ್ಲಿಂದ ಎರಡು ಹೆಜ್ಜೆ ಮುಂದೆ ಹೋಗಿ ವಿಭಾಗದಲ್ಲಿ ಕೇಳಬಹುದಾದ ಪ್ರಶ್ನೆಗಳಿವೆ. ಒಂದು ಲ್ಯಾಬ್ ಬ್ಯಾಚಿನಲ್ಲಿ ಎಷ್ಟು ಮಂದಿ? ಮಷೀನ್ ಲರ್ನಿಂಗ್ ಪಾಠ ಯಾರು ಮಾಡುತ್ತಾರೆ, ಎಷ್ಟು ವರ್ಷದಿಂದ? ಕಳೆದ ವರ್ಷ ಸೀಟು ಹೆಚ್ಚಾದಾಗ ಎಷ್ಟು ಹೊಸ ಅಧ್ಯಾಪಕರು ಬಂದರು? ಸಂಕೋಚ ಬೇಡ. ನಾಲ್ಕು ವರ್ಷದ ಶುಲ್ಕ ಕಟ್ಟುವವರಿಗೆ ಕೇಳುವ ಹಕ್ಕಿದೆ.

ಮಿತಿ ತೆಗೆದ 2024ರಲ್ಲಿ ಸೇರಿದ ಮಕ್ಕಳು 2028ರಲ್ಲಿ ಪದವಿ ಮುಗಿಸುತ್ತಾರೆ. ಹೆಚ್ಚಿದ ಸೀಟುಗಳ ಮೊದಲ ಫಲ ಆಗ ಕಾಣುತ್ತದೆ. ಅವರಲ್ಲಿ ಒಂದಷ್ಟು ಮಂದಿಯಾದರೂ ಎಂ.ಟೆಕ್, ಪಿಎಚ್‌ಡಿ ಮಾಡಿ ಕಲಿಸುವ ಕಡೆ ಬಂದರೆ 2030ರ ನಂತರದ ತರಗತಿಗಳಿಗೆ ಮೇಷ್ಟ್ರು ಸಿಗುತ್ತಾರೆ. ಅಲ್ಲಿಯವರೆಗೆ ಈ ಸೀಟುಗಳಿಗೆಲ್ಲ ಪಾಠ ಹೇಳಬೇಕಾದವರು ಈಗಾಗಲೇ ಕಾಲೇಜುಗಳಲ್ಲಿ ಇರುವವರೇ.